ಮಾನ್ಯಖೇಟದ ಕಡಲು: ಸಂಜಾನದ ಧರ್ಮದೋಣಿ ಮತ್ತು ಕಾಗಿಣಾ ದಡದ ಅಂಬಿಗರು

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವು ಕಾಗಿಣಾ ನದಿಯ ದಡದಲ್ಲಿರುವ ಗ್ರಾಮ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇದೇ. ಇಲ್ಲಿಂದ ಕೊಂಕಣದ ಅತಿ ಸಮೀಪದ ತೀರವೂ ನೇರ ಗೆರೆಯಲ್ಲಿ 400 ಕಿಲೋಮೀಟರಿಗೆ ಕಡಿಮೆಯಿಲ್ಲ. ನಡುವೆ ಸಹ್ಯಾದ್ರಿಯ ಗೋಡೆ ನಿಂತಿದೆ. ಆದರೂ ಒಂಬತ್ತು ಮತ್ತು ಹತ್ತನೆಯ ಶತಮಾನಗಳಲ್ಲಿ ಈ ಊರಿನ ಹೆಸರನ್ನು ಹೊರಜಗತ್ತಿಗೆ ಒಯ್ದವರಲ್ಲಿ ಹೆಚ್ಚಿನವರು ಕಡಲ ಮೇಲೆ ಬಂದವರೇ ಆಗಿದ್ದರು. ಅರಬ್ ಲೇಖಕರ ಬರಹಗಳಲ್ಲಿ ಮಾನ್ಯಖೇಟವು ‘ಮಾಂಕೀರ್’ ಎಂದೂ, ಅದರ ಅರಸನಾದ ವಲ್ಲಭರಾಜನು ‘ಬಲ್ಹರಾ’ ಎಂದೂ ಕಾಣಿಸಿಕೊಳ್ಳುತ್ತಾರೆ.

ಕಡಲನ್ನೇ ಕಾಣದ ರಾಜಧಾನಿಯೊಂದು ಕಡಲತೀರವನ್ನು ಹೇಗೆ ಹಿಡಿದಿಟ್ಟುಕೊಂಡಿತು ಎಂಬ ಪ್ರಶ್ನೆ ರಾಷ್ಟ್ರಕೂಟರ ಇತಿಹಾಸದಲ್ಲಿ ಅಂಚಿಗೆ ಸರಿದ ಪ್ರಶ್ನೆ. ಆನೆ, ಕುದುರೆ, ಕಾಲಾಳುಗಳ ಲೆಕ್ಕದಲ್ಲಿ ಬೆಳೆದ ಇತಿಹಾಸ ಲೇಖನ ಪರಂಪರೆಯು ಕಡಲಿನ ವಿಷಯ ಬಂದಾಗ ಯುದ್ಧನೌಕೆಗಳನ್ನು ಹುಡುಕುತ್ತದೆ. ಅವು ದೊರೆಯದಿದ್ದಾಗ ಮುಂದಿನ ಅಧ್ಯಾಯಕ್ಕೆ ಹೋಗುತ್ತದೆ. ದೊರೆತಿರುವ ಒಂದು ತಾಮ್ರಪಟವಾದರೋ ಯುದ್ಧನೌಕೆಯ ಬದಲು ಜನರನ್ನು ಹಣ ಪಡೆಯದೆ ದಾಟಿಸುವ ಸಣ್ಣ ದೋಣಿಯ ಮಾತನ್ನು ಹೇಳುತ್ತದೆ. ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡರೆ ಮಾನ್ಯಖೇಟದ ಕಡಲಾಳ್ವಿಕೆಯ ಸ್ವರೂಪವೂ, ಕಾಗಿಣಾ ದಡದಲ್ಲಿ ಹುಟ್ಟು ಹಾಕುತ್ತಿದ್ದವರ ಬದುಕೂ ಒಂದೇ ಬೆಳಕಿನಲ್ಲಿ ಕಾಣತೊಡಗುತ್ತವೆ.

ಮೊದಲು ಈ ಸೀಮೆಯ ನೀರಿನ ದಾರಿಗಳನ್ನು ಗಮನಿಸಬೇಕು. ಕಾಗಿಣಾ ನದಿಯು ಇಂದಿನ ತೆಲಂಗಾಣದ ವಿಕಾರಾಬಾದ್ ಪ್ರದೇಶದಿಂದ ಇಳಿದು, ತಾಂಡೂರನ್ನು ದಾಟಿ, ಸೇಡಂ ಮತ್ತು ಚಿತ್ತಾಪುರ ಸೀಮೆಗಳಲ್ಲಿ ಹರಿದು, ಶಹಾಬಾದ ಸಮೀಪದ ಹೊನಗುಂಟಾದ ಬಳಿ ಭೀಮೆಯನ್ನು ಕೂಡುತ್ತದೆ. ಚಿಂಚೋಳಿಯ ಕಡೆಯಿಂದ ಬರುವ ಮುಲ್ಲಾಮಾರಿಯೂ, ಬೆಣ್ಣೆತೊರೆಯೂ, ಸೇಡಮಿನ ಕಮಲಾವತಿಯೂ ಇದಕ್ಕೆ ನೀರು ತರುತ್ತವೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯು ಭೀಮೆಯ ದಡದಲ್ಲಿದ್ದು, ಅದರ ಪಕ್ಕದ ಕನಗನಹಳ್ಳಿಯ ಸ್ತೂಪವು ಶಾತವಾಹನರ ಕಾಲದಲ್ಲಿಯೇ ಈ ನದೀತೀರಕ್ಕೆ ದೂರದ ಯಾತ್ರಿಕರೂ ವ್ಯಾಪಾರಿಗಳೂ ಬರುತ್ತಿದ್ದುದನ್ನು ಸಾರುತ್ತದೆ. ಆ ಸ್ತೂಪದ ಶಿಲ್ಪಗಳೆಲ್ಲ ಇಲ್ಲಿನ ಸುಣ್ಣಕಲ್ಲಿನವು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬಹುದು. ಶಹಾಬಾದ ಕಲ್ಲು ಎಂದು ಹೆಸರಾಗಿ ಮನೆಮನೆಯ ನೆಲಕ್ಕೆ ಹಾಸಿರುವ, ವಾಡಿ ಮತ್ತು ಸೇಡಮಿನ ಸಿಮೆಂಟು ಕಾರ್ಖಾನೆಗಳು ಅಗೆದು ಅರೆಯುತ್ತಿರುವ ಈ ಸುಣ್ಣಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಪದರಪದರವಾಗಿ ಕೂಡಿದ್ದು. ಮಾನ್ಯಖೇಟದ ಕೋಟೆ ನಿಂತಿರುವುದೇ ಬತ್ತಿದ ಕಡಲಿನ ಮೇಲೆ. ಇದು ಭೂವಿಜ್ಞಾನದ ವಿಷಯವೇ ಹೊರತು ಇತಿಹಾಸದ ಆಧಾರವಲ್ಲ.

ಇತಿಹಾಸದ ಆಧಾರ ಅರಬ್ ವರ್ತಕರಿಂದ ಆರಂಭವಾಗುತ್ತದೆ. ವರ್ತಕ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾದ, ಕ್ರಿ.ಶ. 851ರ ಪ್ರವಾಸ ವೃತ್ತಾಂತವು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಬಗ್ದಾದಿನ ಖಲೀಫ, ಚೀನದ ಅರಸ, ರೂಮಿನ ಅರಸರ ಜೊತೆಗೆ ಬಲ್ಹರಾನನ್ನು ಎಣಿಸುತ್ತದೆ. ಅರಬರನ್ನು ಅವನಷ್ಟು ಆದರಿಸುವ ಅರಸ ಮತ್ತೊಬ್ಬನಿಲ್ಲವೆಂದೂ, ಆ ಆದರದಿಂದಲೇ ತಮ್ಮ ಅರಸರು ದೀರ್ಘಕಾಲ ಬಾಳುತ್ತಾರೆಂದು ಅಲ್ಲಿಯ ಜನ ನಂಬುತ್ತಾರೆಂದೂ ಅದು ಹೇಳುತ್ತದೆ. ಆಗ ಪಟ್ಟದಲ್ಲಿದ್ದವನು ಒಂದನೆಯ ಅಮೋಘವರ್ಷ. 814ರಿಂದ 878ರವರೆಗೆ ಅರುವತ್ತನಾಲ್ಕು ವರ್ಷ ಆಳಿದ ಅರಸನ ಪ್ರಜೆಗಳು ಅರಸರ ಆಯುಷ್ಯದ ಬಗೆಗೆ ಇಂಥ ಮಾತಾಡಿದ್ದು ಸಹಜವೇ.

ಅಲ್ ಮಸೂದಿಯ ಬರಹ ಇದಕ್ಕಿಂತ ಹೆಚ್ಚು ಮೌಲಿಕವಾದದ್ದು. ಏಕೆಂದರೆ ಅವನು ತೀರವನ್ನು ಕಣ್ಣಾರೆ ಕಂಡವನು. ಹಿಜರಿ 303ರಲ್ಲಿ, ಎಂದರೆ ಕ್ರಿ.ಶ. 915-16ರಲ್ಲಿ, ಅವನು ಖಂಭಾತದಲ್ಲಿದ್ದ. ಆಗ ಅಲ್ಲಿ ಮಾಂಕೀರಿನ ಬಲ್ಹರಾನ ಪರವಾಗಿ ಬಾನಿಯಾ ಎಂಬ ಬ್ರಾಹ್ಮಣನು ಆಡಳಿತ ನಡೆಸುತ್ತಿದ್ದನೆಂದು ಬರೆದಿದ್ದಾನೆ. ಮರುವರ್ಷ ಸೈಮೂರಿನಲ್ಲಿ, ಎಂದರೆ ಇಂದಿನ ಚೌಲಿನಲ್ಲಿ, ಸೀರಾಫ್, ಒಮಾನ್, ಬಸ್ರಾ, ಬಗ್ದಾದುಗಳಿಂದ ಬಂದವರೂ ಅಲ್ಲಿಯೇ ಹುಟ್ಟಿ ಬೆಳೆದವರೂ ಸೇರಿ ಸುಮಾರು ಹತ್ತು ಸಾವಿರ ಮುಸಲ್ಮಾನರು ನೆಲೆಸಿದ್ದನ್ನು ಕಂಡ. ಮಾಂಕೀರಿನ ನುಡಿ ‘ಕೀರಿಯಾ’, ಸೈಮೂರು, ಸೋಪಾರಾ, ಠಾಣೆಗಳ ತೀರದ ನುಡಿ ‘ಲಾರಿಯಾ’ ಎಂದು ಅವನು ಬೇರ್ಪಡಿಸಿ ಹೇಳಿರುವುದು ಗಮನಾರ್ಹ. ಒಡೆಯನ ನುಡಿ ಬೇರೆ, ತೀರದ ನುಡಿ ಬೇರೆ ಎಂಬುದು ಹೊರಗಿನವನಿಗೂ ತಿಳಿದಿತ್ತು. ರಾಜಧಾನಿಯು ಕಡಲಿನಿಂದ 80 ಸಿಂಧೀ ಫರಸಂಗಗಳ ದೂರದಲ್ಲಿದೆ, ಒಂದು ಫರಸಂಗಕ್ಕೆ ಎಂಟು ಮೈಲಿ ಎಂಬ ಅವನ ಲೆಕ್ಕವನ್ನು ಗುಣಿಸಿದರೆ 640 ಮೈಲಿಯಾಗುತ್ತದೆ. ಇದು ನಿಜಕ್ಕಿಂತ ಬಹಳ ಹೆಚ್ಚು. ಘಟ್ಟ ಹತ್ತಿ, ಹೊಳೆಹೊಳೆಗಳಲ್ಲಿ ಕಾದು ನಡೆದವರ ಬಾಯಲ್ಲಿ ದಾರಿ ಉದ್ದವಾಗಿರಬೇಕು.

ಮಾನ್ಯಖೇಟಕ್ಕೂ ಉತ್ತರ ಕೊಂಕಣದ ತೀರಕ್ಕೂ ಇದ್ದ ಆಡಳಿತ ಸಂಬಂಧವು ಶಾಸನಗಳಲ್ಲಿ ನೇರವಾಗಿಯೇ ದಾಖಲಾಗಿದೆ. ಅಮೋಘವರ್ಷನ ಸಂಜಾನ ತಾಮ್ರಪಟವು ಶಕ 793ರದು, ಎಂದರೆ ಕ್ರಿ.ಶ. 871ರದು. ಮಾನ್ಯಖೇಟದಲ್ಲಿ ನೆಲೆಸಿದ್ದ ಅರಸನು ಸಂಜಾನದ ಸಮೀಪದ 24 ಗ್ರಾಮಗಳ ಗುಂಪಿನ ಝರಿವಲ್ಲಿಕಾ ಎಂಬ ಊರನ್ನು ದಾನಮಾಡಿದ್ದನ್ನು ಅದು ತಿಳಿಸುತ್ತದೆ. ಲೋಕದ ಉಪದ್ರವ ನೀಗಲೆಂದು ಅಮೋಘವರ್ಷನು ತನ್ನ ಎಡಗೈ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದ ಪ್ರಸಂಗಕ್ಕಾಗಿ ಈ ಶಾಸನವನ್ನು ಎಲ್ಲರೂ ಸ್ಮರಿಸುತ್ತಾರೆ. ಅದು ದೊರೆತ ಸ್ಥಳ ಕಡಲಂಚಿನ ಬಂದರು ಎಂಬುದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಸಂಜಾನವು ಇಂದಿನ ಗುಜರಾತಿನ ವಲಸಾಡ ಜಿಲ್ಲೆಯಲ್ಲಿ, ವಾರೋಲಿ ಹೊಳೆಯ ದಡದಲ್ಲಿದೆ. ಪಾರಸಿಗಳು ಇರಾನಿನಿಂದ ಬಂದು ನೆಲೆ ಕಂಡುಕೊಂಡ ಊರೆಂದು ಅವರ ಪರಂಪರೆ ನಂಬುವುದು ಇದನ್ನೇ. 2002ರಿಂದ 2004ರವರೆಗೆ ಇಲ್ಲಿ ನಡೆದ ಉತ್ಖನನದಲ್ಲಿ ಪಶ್ಚಿಮ ಏಷ್ಯಾದ ಹೊಳಪುಲೇಪದ ಮಡಕೆಗಳೂ ಚೀನೀ ಪಿಂಗಾಣಿಯ ಚೂರುಗಳೂ ದೊರೆತಿವೆ.

ಈ ಲೇಖನಕ್ಕೆ ಮುಖ್ಯವಾದ ಆಧಾರ ಇದರ ಸಮೀಪದಲ್ಲಿಯೇ ಸಿಕ್ಕಿತು. ಮಹಾರಾಷ್ಟ್ರದ ಡಹಾಣು ತಾಲ್ಲೂಕಿನ ಚಿಂಚಣಿಯಲ್ಲಿ 1955ರಲ್ಲಿ ದೊರೆತ ತಾಮ್ರಪಟಗಳನ್ನು ಡಿ.ಸಿ. ಸರ್ಕಾರ್ ಅವರು ಎಪಿಗ್ರಾಫಿಯಾ ಇಂಡಿಕಾದ ಮೂವತ್ತೆರಡನೆಯ ಸಂಪುಟದಲ್ಲಿ ಸಂಪಾದಿಸಿದರು. ಎ.ಎಸ್. ಆಳ್ತೇಕರರ ರಾಷ್ಟ್ರಕೂಟರನ್ನು ಕುರಿತ ಮಹತ್ವದ ಗ್ರಂಥವು 1934ರಲ್ಲಿ ಪ್ರಕಟವಾದಾಗ ಈ ಪಟಗಳು ಇನ್ನೂ ಮಣ್ಣಿನೊಳಗಿದ್ದವು. ಆ ಗ್ರಂಥವನ್ನೇ ಆಧರಿಸಿ ಬೆಳೆದ ಕನ್ನಡದ ಪಠ್ಯಪುಸ್ತಕಗಳಿಗೆ ಅವು ಬಹುಮಟ್ಟಿಗೆ ಮಣ್ಣಿನೊಳಗೇ ಉಳಿದವು.

ಇವುಗಳಲ್ಲಿ ಮೊದಲನೆಯದು ಮೂರನೆಯ ಇಂದ್ರನ ಕಾಲದ್ದು. ಶಕ 848, ಕ್ರಿ.ಶ. 926. ಅದರ ಪ್ರಕಾರ ಸಂಯಾನ ಮಂಡಲವನ್ನು, ಎಂದರೆ ಸಂಜಾನದ ಸುತ್ತಲಿನ ನಾಡನ್ನು, ಆಳುತ್ತಿದ್ದವನು ಸಹಿಯಾರಹಾರನ ಮಗ ಮಧುಮತಿ. ಅವನಿಗೆ ‘ಸುಗತಿಪ’ ಎಂಬ ಇನ್ನೊಂದು ಹೆಸರೂ ಇತ್ತು. ಅವನು ತಾಜಿಕ ಕುಲದವನು. ತಾಜಿಕರೆಂದರೆ ಅರಬರು, ಮಧುಮತಿ ಎಂಬುದು ಮುಹಮ್ಮದ್ ಎಂಬ ಹೆಸರಿನ ಸಂಸ್ಕೃತ ರೂಪ. ಎರಡನೆಯ ಕೃಷ್ಣನಿಂದ ಈ ಮಂಡಲವನ್ನು ಪಡೆದ ಅವನು ತನ್ನ ಒಡೆಯನ ಪರವಾಗಿ ನೆರೆಯ ಬಂದರುಗಳ ಒಡೆಯರನ್ನೆಲ್ಲ ಗೆದ್ದು, ಅಲ್ಲಿ ತನ್ನ ಅಧಿಕಾರಿಗಳನ್ನು ಇರಿಸಿದನೆಂದು ಶಾಸನ ಹೇಳುತ್ತದೆ. ಇಷ್ಟೇ ಆಗಿದ್ದರೆ ಇದೂ ಒಂದು ವಿಜಯಪ್ರಶಸ್ತಿಯಾಗುತ್ತಿತ್ತು. ಶಾಸನವು ಅಲ್ಲಿಗೆ ನಿಲ್ಲುವುದಿಲ್ಲ. ಅವನು ಎರಡು ಹೊಳೆಗಳಲ್ಲಿ ಹಣ ಪಡೆಯದೆ ದಾಟಿಸುವ ದೋಣಿಗಳನ್ನು ಏರ್ಪಡಿಸಿದ; ಸಂಯಾನ ಪಟ್ಟಣದಲ್ಲಿ ಒಂದು ಸತ್ರವನ್ನು ಸ್ಥಾಪಿಸಿದ; ಅಲ್ಲಿ ಶಾಲಿ ಅಕ್ಕಿಯ ಅನ್ನ, ವ್ಯಂಜನ, ತುಪ್ಪಗಳನ್ನು ಉಚಿತವಾಗಿ ಬಡಿಸಲಾಗುತ್ತಿತ್ತು. ಬಳಿಕ ಅಣ್ಣಯ್ಯನೆಂಬ ಬ್ರಾಹ್ಮಣನು ಕಟ್ಟಿಸಿದ ಭಗವತಿಯ ಮಠಿಕೆಗೆ ಇಂದ್ರರಾಜನ ಅನುಮತಿಯಿಂದ ಕಾಣಾಡುಕ ಎಂಬ ಗ್ರಾಮವನ್ನೂ ಬೇರೆ ಭೂಮಿಯನ್ನೂ ಅವನು ದಾನ ನೀಡುತ್ತಾನೆ. ಅವನ ಮಂತ್ರಿಯ ಹೆಸರು ಪುವ್ವಯ್ಯ. ಅಣ್ಣಯ್ಯ, ಪುವ್ವಯ್ಯ ಎಂಬ ಹೆಸರುಗಳ ಕೊನೆಯ ‘ಅಯ್ಯ’ ಕನ್ನಡ ಓದುಗನ ಕಿವಿಗೆ ಪರಿಚಿತವಾದದ್ದೇ. ಮಾಂಕೀರಿನ ನುಡಿಯಾಡುವವರು ಒಡೆಯನ ಹಿಂದೆಯೇ ತೀರಕ್ಕೆ ಇಳಿದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಅರಬ್ ಅಧಿಕಾರಿಯೊಬ್ಬ ದೇವಿಯ ಮಠಿಕೆಗೆ ದಾನವಿತ್ತದ್ದು ವಿದ್ವಾಂಸರ ಗಮನವನ್ನು ಸಹಜವಾಗಿಯೇ ಸೆಳೆದಿದೆ. ದೋಣಿಯ ಕಡೆಗೆ ಆ ಗಮನ ಅಷ್ಟಾಗಿ ಹೋಗಿಲ್ಲ. ಅದನ್ನು ಪುಣ್ಯಕಾರ್ಯಗಳ ಸಿದ್ಧ ಪಟ್ಟಿಯಲ್ಲಿ ಒಂದೆಂದು ಭಾವಿಸಿ ಬಿಡಲಾಗಿದೆ. ನದಿ ದಾಟಿಸುವುದು ಪುಣ್ಯವೆಂಬುದು ಈ ತೀರದಲ್ಲಿ ಹಳೆಯ ಮಾತು ಎಂಬುದು ನಿಜ. ನಹಪಾನನ ಅಳಿಯ ಉಷವದಾತನು ನಾಸಿಕದ ಹತ್ತನೆಯ ಗುಹೆಯ ಶಾಸನದಲ್ಲಿ ಇಬಾ, ಪಾರಾದಾ, ದಮಣ, ತಾಪಿ, ಕರಬೇಣಾ, ದಾಹನುಕಾ ಎಂಬ ಹೊಳೆಗಳಲ್ಲಿ ಪುಣ್ಯಾರ್ಥವಾಗಿ ದೋಣಿ ಇರಿಸಿ, ಎರಡೂ ದಡಗಳಲ್ಲಿ ತಂಗುವ ಸಭೆಗಳನ್ನೂ ಅರವಟ್ಟಿಗೆಗಳನ್ನೂ ಮಾಡಿಸಿದ್ದನ್ನು ಹೇಳಿಕೊಂಡಿದ್ದಾನೆ. ದಮಣವು ಇಂದಿನ ದಮಣಗಂಗಾ. ದಾಹನುಕಾ ಎಂಬುದು ಡಹಾಣುವಿನ ಹೊಳೆ. ಚಿಂಚಣಿ ಮತ್ತು ಸಂಜಾನಗಳು ಇವುಗಳ ನಡುವೆಯೂ ಆಸುಪಾಸಿನಲ್ಲಿಯೂ ಇವೆ. ಸುಮಾರು ಎಂಟು ಶತಮಾನಗಳ ಅಂತರದಲ್ಲಿ ಶಕ ಮನೆತನದ ಅಳಿಯನೊಬ್ಬ, ಅರಬ್ ಮನೆತನದ ಮಗನೊಬ್ಬ, ಇಬ್ಬರೂ ಹೊರಗಿನಿಂದ ಬಂದವರು, ಒಂದೇ ತೀರದಲ್ಲಿ ಒಂದೇ ಕೆಲಸವನ್ನು ಮಾಡಿ ಅದನ್ನೇ ಕೆತ್ತಿಸಿದರು. ಹೊಸಬನು ಜನರ ಮನಸ್ಸಿನಲ್ಲಿ ನೆಲೆಯೂರಲು ದೇವಾಲಯಕ್ಕಿಂತ ಹತ್ತಿರದ ದಾರಿ ದೋಣಿಯದಾಗಿತ್ತೆಂದು ಇದರಿಂದ ಊಹಿಸಬಹುದು.

ಪುಣ್ಯದ ಜೊತೆಗೆ ಇದರಲ್ಲಿ ರಾಜಕಾರಣವೂ ಇದೆ. ಅದನ್ನು ತಿಳಿಯಲು ಈ ತೀರದಲ್ಲಿ ಸಣ್ಣ ದೋಣಿಯೊಂದು ಒಂದು ದಿನವನ್ನು ಹೇಗೆ ಕಳೆಯುತ್ತಿತ್ತೆಂಬುದನ್ನು ಅರಿಯಬೇಕು. ಗಾಳಿ ಮತ್ತು ನೀರಿನ ನಿಯಮಗಳು ಆಗಲೂ ಈಗಲೂ ಒಂದೇ ಆಗಿರುವುದರಿಂದ, ಸಮಕಾಲೀನ ಬರಹಗಳ ನೆರವಿನಿಂದ ಆ ದಿನವನ್ನು ಕಟ್ಟಿಕೊಳ್ಳುವುದು ಕಷ್ಟವಲ್ಲ.

ಖಂಭಾತ ಕೊಲ್ಲಿಯ ಉಬ್ಬರವಿಳಿತ ಭಾರತದ ತೀರದಲ್ಲೆಲ್ಲ ಅತ್ಯಧಿಕವಾದದ್ದು. ಮಂಗಳೂರಿನ ಕಡೆ ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು. ಖಂಭಾತದತ್ತ ಹೋದಂತೆಲ್ಲ ಅದು ಅದರ ಹಲವು ಪಟ್ಟಾಗುತ್ತದೆ. ಮಸೂದಿಯು ಖಂಭಾತದಲ್ಲಿ ಕಂಡ ಒಂದು ದೃಶ್ಯವನ್ನು ಬರೆದಿದ್ದಾನೆ. ಇಳಿತದಲ್ಲಿ ನೀರು ಸರಿದು ಮರಳು ಬಯಲಾಗಿ, ನಡುವೆ ಮಾತ್ರ ಸ್ವಲ್ಪ ನೀರು ಉಳಿದಿತ್ತು. ಆ ಮರಳಿನ ಮೇಲೆ ಒಂದು ನಾಯಿ ಮಲಗಿತ್ತು. ಉಬ್ಬರ ಬಂತು. ನಾಯಿ ಎದ್ದು ದಡದತ್ತ ಓಡಿದರೂ ನೀರು ಅದಕ್ಕಿಂತ ವೇಗವಾಗಿ ಬಂದು ಮುಳುಗಿಸಿತು. ಹುಟ್ಟು ಹಾಕುವವನಿಗೆ ಈ ನಾಯಿಯ ಕಥೆಗಿಂತ ಸ್ಪಷ್ಟವಾದ ಪಾಠ ಬೇಕಿರಲಿಲ್ಲ.

ಇಂಥ ಹೊಳೆಯಲ್ಲಿ ದೋಣಿಯ ದಿನವನ್ನು ಆರಂಭಿಸುವುದು ಸೂರ್ಯನಲ್ಲ, ಉಬ್ಬರ. ಇರುಳ ಇಳಿತದಲ್ಲಿ ಕೆಸರಿನ ಮೇಲೆ ಒಂದು ಪಕ್ಕಕ್ಕೆ ಒರಗಿ ಕುಳಿತ ದೋಣಿ, ನೀರು ಬುಡಕ್ಕೆ ಬಂದಾಗ ತಾನಾಗಿ ನೆಟ್ಟಗಾಗಿ ತೇಲುತ್ತದೆ. ನೀರು ತುಂಬಿ ಮರಳತೊಡಗಿದ ಕೂಡಲೇ ಅದರ ಸೆಳೆತದಲ್ಲಿ ಅಳಿವೆಯನ್ನು ದಾಟಿ ಹೊರಬೀಳಬೇಕು. ಮುಂಜಾವಿನಲ್ಲಿ ನೆಲದ ಕಡೆಯಿಂದ ಕಡಲಿಗೆ ಬೀಸುವ ಗಾಳಿ ಹಾಯಿಯನ್ನು ತುಂಬುತ್ತದೆ. ಬೆಟ್ಟದ ಸಾಲು, ತಾಳೆಯ ತೋಪು, ಗುಡಿಯ ಶಿಖರಗಳು ಕಣ್ಣಳತೆಯಲ್ಲಿರುವಂತೆ ದೋಣಿ ತೀರದ ಗುಂಟ ಸಾಗುತ್ತದೆ. ಬಿಸಿಲೇರಿದಂತೆ ನೆಲದ ಗಾಳಿ ಸಾಯುತ್ತದೆ. ಆಗ ಹುಟ್ಟೇ ಗತಿ. ಮುಂಬಯಿಯ ಬೋರಿವಲಿ ಬಳಿಯ ಎಕ್ಸರದ ವೀರಗಲ್ಲುಗಳಲ್ಲಿ ಕೆತ್ತಿರುವ ಹಡಗುಗಳ ಪಕ್ಕದಲ್ಲಿ ಸಾಲಾಗಿ ಚಾಚಿದ ಹುಟ್ಟುಗಳನ್ನು ಕಂಡರೆ ಈ ಶ್ರಮದ ಅಂದಾಜಾಗುತ್ತದೆ. ಅವು ಈ ಕಾಲಕ್ಕಿಂತ ಈಚಿನವಾದರೂ ತೋಳಿನ ಕೆಲಸ ಅದೇ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು ದೋಣಿಯನ್ನು ದಡದತ್ತ ತಳ್ಳುತ್ತದೆ. ಸೇರಬೇಕಾದ ಹೊಳೆಯ ಬಾಯಿಗೆ ಬಂದರೂ ಒಡನೆ ಒಳಹೋಗುವಂತಿಲ್ಲ. ಉಬ್ಬರ ತಿರುಗುವವರೆಗೆ ಅಳಿವೆಯ ಹೊರಗೆ ಲಂಗರು ಹಾಕಿ ಕಾಯಬೇಕು. ನೀರು ಒಳನುಗ್ಗತೊಡಗಿದಾಗ ಅದರ ಬೆನ್ನೇರಿ, ಮರಳ ದಿಬ್ಬಗಳನ್ನು ತಪ್ಪಿಸುತ್ತ, ಜಲ್ಲೆಯಿಂದ ಆಳ ನೋಡುತ್ತ ಒಳಗೆ ಸಾಗಬೇಕು.

ಅಲ್ಲಿ ದೋಣಿ ಕಟ್ಟುವುದೆಂದರೆ ಕಲ್ಲಿನ ಕಟ್ಟೆಗೆ ಹಗ್ಗ ಬಿಗಿಯುವುದಲ್ಲ. ತಕ್ಕ ಜಾಗ ನೋಡಿ, ನೀರು ಇಳಿದಾಗ ಬುಡ ಸಮನಾಗಿ ಕೂರುವಂತೆ ಕೆಸರಿಗೆ ಹತ್ತಿಸುವುದು. ಇದರಲ್ಲಿ ಒಂದು ಸೂಕ್ಷ್ಮವಿದೆ. ಹುಣ್ಣಿಮೆಯ ಉಬ್ಬರದ ತುತ್ತತುದಿಯಲ್ಲಿ ಮೇಲಕ್ಕೆ ಹತ್ತಿದ ದೋಣಿಯನ್ನು ಮರುದಿನಗಳ ನೀರು ಮುಟ್ಟುವುದಿಲ್ಲ. ಅಮಾವಾಸ್ಯೆಯವರೆಗೆ ಅದು ಅಲ್ಲಿಯೇ ಕೂರಬೇಕಾಗುತ್ತದೆ. ಹಾಗಾಗಿ ತಿಥಿ ತಿಳಿಯದವನು ದೋಣಿ ನಡೆಸಲಾರ. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನಿಂದ ಹೊಲಿದು ಕಟ್ಟುವ ಪದ್ಧತಿಯನ್ನು ಹತ್ತನೆಯ ಶತಮಾನದ ಅಬು ಝೈದ್ ಸೀರಾಫಿಯು ತನ್ನ ನಾಡಿನ ಹಡಗುಗಳ ವಿಶೇಷವೆಂದು ಹೇಳುತ್ತಾನೆ. ನೆಲಕ್ಕೆ ಬಡಿದಾಗ ಬಿರಿಯದೆ ಬಾಗುವ ಹೊಲಿಗೆಯ ಒಡಲು ಇಂಥ ಹೊಳೆಗಳಿಗೆ ಹೇಳಿ ಮಾಡಿಸಿದಂಥದು.

ದೂರದಿಂದ ಬಂದ ಭಾರಿ ಹಡಗು ಈ ಹೊಳೆಗಳೊಳಗೆ ಬರಲಾರದು. ಅದರ ಸರಕು ದಡ ಸೇರಬೇಕಾದರೆ ಸಣ್ಣ ದೋಣಿಗಳೇ ಬೇಕು. ದಡದ ಗುಂಟ ಕಾಲುನಡಿಗೆಯಲ್ಲಿ ಸಾಗುವವನಿಗೂ ಕೆಲವು ಹರದಾರಿಗೊಂದು ಅಳಿವೆ ಅಡ್ಡ ಬರುತ್ತದೆ. ಈ ತೀರದಲ್ಲಿ ಬಂದರಿನ ಒಡೆತನವೆಂದರೆ ದಾಟುವ ಜಾಗದ ಒಡೆತನ. ಪ್ರತಿ ಹೊಳೆಯ ಬಾಯಲ್ಲಿ ಒಬ್ಬ ಸಣ್ಣ ಒಡೆಯ ಕುಳಿತು ದಾಟುವವನಿಂದ ವಸೂಲು ಮಾಡುತ್ತಿದ್ದರೆ, ವ್ಯಾಪಾರಿ ಬೇರೆ ತೀರವನ್ನು ಹುಡುಕಿಕೊಳ್ಳುತ್ತಾನೆ. ಮಧುಮತಿಯು ಆ ಒಡೆಯರನ್ನು ಗೆದ್ದದ್ದೂ, ಅದರ ಬೆನ್ನಿಗೇ ಎರಡು ಹೊಳೆಗಳ ದೋಣಿಗೆ ಹಣವಿಲ್ಲವೆಂದು ಸಾರಿದ್ದೂ ಬೇರೆಬೇರೆ ಸಂಗತಿಗಳಲ್ಲ. ಮೊದಲನೆಯದರಿಂದ ಕಸಿದುಕೊಂಡ ಜಾಗವನ್ನು ಎರಡನೆಯದರಿಂದ ಅವನು ಜನರಿಗೆ ಒಪ್ಪಿಸಿದ. ಮಾನ್ಯಖೇಟದಲ್ಲಿದ್ದ ಅರಸನಿಗೆ ನೌಕಾಪಡೆಯನ್ನು ಸಾಕುವುದಕ್ಕಿಂತ ಇದು ಎಷ್ಟೋ ಅಗ್ಗದ ಆಳ್ವಿಕೆ.

ಇದಕ್ಕೆ ಹೋಲಿಕೆಯಾಗಿ ದಕ್ಷಿಣ ಕೊಂಕಣದ ಶಿಲಾಹಾರ ರಟ್ಟರಾಜನ ಖಾರೇಪಾಟಣ ತಾಮ್ರಪಟವನ್ನು ನೋಡಬಹುದು. ಶಕ 930ರ, ಎಂದರೆ ಕ್ರಿ.ಶ. 1008ರ ಈ ಶಾಸನವು ಹೊರದೇಶದಿಂದ ಬರುವ ಪ್ರತಿ ಹಡಗಿನಿಂದ ಒಂದು ಚಿನ್ನದ ಗದ್ಯಾಣವನ್ನೂ, ಚೆಮೂಲ್ಯ ಮತ್ತು ಚಂದ್ರಪುರಗಳ ಹೊರತಾಗಿ ಕಂದಲಮೂಲೀಯದಿಂದ ಬರುವ ಹಡಗಿನಿಂದ ಒಂದು ಚಿನ್ನದ ಧರಣವನ್ನೂ ಮಠಕ್ಕೆ ಬಿಟ್ಟುಕೊಡುತ್ತದೆ. ಹಡಗಿನಿಂದ ಸುಂಕ, ದಾಟುವವನಿಗೆ ಧರ್ಮ ಎಂಬ ಎರಡು ತುದಿಗಳು ಇಲ್ಲಿ ಸ್ಪಷ್ಟವಾಗುತ್ತವೆ. ದೊಡ್ಡದರಿಂದ ಪಡೆಯಬೇಕೆಂದರೆ ಸಣ್ಣದನ್ನು ಬಿಡುವ ತಿಳಿವಳಿಕೆ ಬೇಕು.

ಸಂಜಾನದ ಎರಡು ಹೊಳೆಗಳಲ್ಲಿ ಹುಟ್ಟು ಹಾಕಿದವರು ಯಾರೆಂಬುದನ್ನು ತಾಮ್ರಪಟ ಹೇಳುವುದಿಲ್ಲ. ದಾನ ಕೊಟ್ಟವನು, ಅನುಮತಿ ಇತ್ತವನು, ದಾನ ಪಡೆದವನು, ಮಂತ್ರಿ ಇವರೆಲ್ಲರ ಹೆಸರುಗಳಿದ್ದು ಅಂಬಿಗನ ಹೆಸರು ಮಾತ್ರ ಇಲ್ಲದಿರುವುದು ಶಾಸನಗಳ ಸಾಮಾನ್ಯ ಕ್ರಮ. ಈ ಬರಿದಾದ ಜಾಗವನ್ನು ತಿಳಿಯಲು ಜನಪದ ಅಧ್ಯಯನವು ಮತ್ತೆ ಕಾಗಿಣಾ ದಡಕ್ಕೇ ಬರಬೇಕಾಗುತ್ತದೆ. ಸಂಜಾನದಿಂದ ಹೊರಟ ಓಲೆಕಾರನೂ ಕೊನೆಯ ದಿನ ಮಾನ್ಯಖೇಟದ ಸೀಮೆಯಲ್ಲಿ ಹೊಳೆಗಳನ್ನು ದಾಟಬೇಕಿತ್ತು. ಮಳೆಗಾಲವಾದರೆ ಅಲ್ಲಿಯೂ ಅವನನ್ನು ದಾಟಿಸುವವರು ಬೇಕಿತ್ತು.

ಇಲ್ಲಿನ ದೋಣಿ ಹೊಲಿದ ಹಲಗೆಯದಲ್ಲ, ಅದು ಹರಿಗೋಲು. ಬಿದಿರ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಗೆ ತೊಗಲು ಹೊದಿಸಿದ ದುಂಡು ದೋಣಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಆನೆಗೊಂದಿಯಲ್ಲಿ ಇದನ್ನು ಕಂಡು, ಬುಟ್ಟಿಯಂತೆ ದುಂಡಗಿರುವ ಈ ದೋಣಿ ಹದಿನೈದು ಇಪ್ಪತ್ತು ಜನರನ್ನು ಹೊರುವುದೆಂದೂ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುವುದೆಂದೂ, ಹುಟ್ಟು ಹಾಕುವಾಗ ಸದಾ ಸುತ್ತುತ್ತಲೇ ಸಾಗುವುದೆಂದೂ ಬರೆದಿದ್ದಾನೆ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿಯು ಕೃಷ್ಣೆ ಮೊದಲಾದ ಹೊಳೆಗಳನ್ನು ದ���ಟಲು ಇಂಥವನ್ನೇ ಕಟ್ಟಿಸಿದ. ಅಳಿವೆಯ ದೋಣಿಗೆ ಉಬ್ಬರವೇ ಪಂಚಾಂಗವಾದರೆ ಹರಿಗೋಲಿಗೆ ಮಳೆಯೇ ಪಂಚಾಂಗ. ಬೇಸಿಗೆಯಲ್ಲಿ ಕಾಗಿಣಾ ಕಾಲಲ್ಲೇ ದಾಟುವಷ್ಟು ಸೊರಗುತ್ತದೆ. ಆಗ ಹರಿಗೋಲು ಬೋರಲಾಗಿ ಮರದ ನೆರಳಿನಲ್ಲಿರುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ಮಾತ್ರ ಅಂಬಿಗನಿಲ್ಲದೆ ಆಚೆಯ ದಡವಿಲ್ಲ. ನೇರವಾಗಿ ಹೋಗಲು ಬಯಸಿದರೆ ಹರಿಗೋಲು ಹೋಗದು. ಸೇರಬೇಕಾದ ದಡಕ್ಕಿಂತ ಬಹಳ ಮೇಲಿನಿಂದ ಬಿಟ್ಟು, ಸೆಳೆವಿನೊಂದಿಗೆ ಓರೆಯಾಗಿ ಇಳಿದು ಗುರಿ ಸೇರಬೇಕು. ನೀರಿನ ಬಲವನ್ನೇ ತನ್ನ ಬಲವಾಗಿಸಿಕೊಳ್ಳುವ ಈ ಜಾಣ್ಮೆ ಅಳಿವೆಯ ಅಂಬಿಗನದೂ ಹೌದು, ಹೊಳೆಯ ಅಂಬಿಗನದೂ ಹೌದು.

ಅಂಬಿಗ, ಕಬ್ಬಲಿಗ, ಕೋಲಿ, ಗಂಗಾಮತಸ್ಥ ಎಂಬ ಹೆಸರುಗಳಿಂದ ಗುರುತಿಸಿಕೊಳ್ಳುವ ಸಮುದಾಯಗಳು ಕಲಬುರಗಿ ಸೀಮೆಯಲ್ಲಿ ದೊಡ್ಡ ಸಂಖ್ಯೆಯಲ್ಲಿವೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನನ್ನು ಇವರು ತಮ್ಮ ಕುಲಗುರುವಾಗಿ ಗೌರವಿಸುತ್ತಾರೆ. ಕೊಂಕಣದ ಕಡಲತೀರದ ಮೀನುಗಾರರೂ ‘ಕೋಳಿ’ ಎಂಬ ಹೆಸರಿನವರೇ ಎಂಬುದನ್ನು ಇಲ್ಲಿ ನೆನೆಯಬಹುದು. ಹೆಸರಿನ ಸಾಮ್ಯದಿಂದಲೇ ರಕ್ತಸಂಬಂಧವನ್ನು ಹೇಳುವುದು ಅವಸರವಾದರೂ, ವೃತ್ತಿಸಂಬಂಧವನ್ನು ಅಲ್ಲಗಳೆಯಲಾಗದು. ದಖ್ಖನಿನ ಬಲುತೇದಾರರ ಕೆಲವು ಪಟ್ಟಿಗಳಲ್ಲಿ ಊರಿಗೆ ನೀರು ಹೊರುವ, ಹೊಳೆ ದಾಟಿಸುವ ಕೋಳಿಗೂ ಸ್ಥಾನವಿದೆ. ಇದರ ಅರ್ಥ ದೊಡ್ಡದು. ಊರವನು ಪ್ರತಿ ಸಲ ದಾಟುವಾಗ ಕೈಯಲ್ಲಿ ಕಾಸು ಹಿಡಿಯಬೇಕಿರಲಿಲ್ಲ. ಸುಗ್ಗಿಯಲ್ಲಿ ಅಂಬಿಗನ ಪಾಲಿನ ಕಾಳು ಕಣದಿಂದಲೇ ಅವನ ಮನೆಗೆ ಹೋಗುತ್ತಿತ್ತು. ಆ ಕ್ಷಣಕ್ಕೆ ಉಚಿತ, ವರ್ಷದ ಲೆಕ್ಕದಲ್ಲಿ ಋಣ. ಮಧುಮತಿಯ ತಾಮ್ರಪಟ ದೊಡ್ಡ ಪುಣ್ಯವೆಂದು ಹೊಗಳಿದ ವ್ಯವಸ್ಥೆಯ ಒಂದು ಗ್ರಾಮರೂಪವನ್ನು ಹಳ್ಳಿಗಳು ಯಾವ ಪ್ರಶಸ್ತಿಯೂ ಇಲ್ಲದೆ ನಡೆಸಿಕೊಂಡು ಬಂದವು.

ಋಣ ಎಂದ ಮೇಲೆ ಅದನ್ನು ಮರೆಯುವವರೂ ಇರುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬರ್ಥದ ಗಾದೆ ಉತ್ತರ ಕರ್ನಾಟಕದಲ್ಲಿ ಹಲವು ರೂಪಗಳಲ್ಲಿ ಬಳಕೆಯಲ್ಲಿದೆ. ಅವುಗಳಲ್ಲಿ ಕೆಲವನ್ನು ಇಂಥ ಸಂಪುಟದಲ್ಲಿ ಅಚ್ಚು ಹಾಕುವಂತಿಲ್ಲ. ದಾಸಸಾಹಿತ್ಯದಲ್ಲಿ ಅಂಬಿಗನು ದೇವರೇ ಆಗಿಬಿಡುತ್ತಾನೆ. ಪುರಂದರದಾಸರು ದೇಹವನ್ನು ಒಂಬತ್ತು ತೂತುಗಳ ಹರಿಗೋಲಾಗಿ ಕಂಡಿದ್ದಾರೆ. ಹೀಗೆ ಕೀರ್ತನೆಯಲ್ಲಿ ದೇವರಾಗಿಯೂ, ಗಾದೆಯಲ್ಲಿ ಮರೆತುಹೋದವನಾಗಿಯೂ ಇರುವ ಅಂಬಿಗನು ಶಾಸನದಲ್ಲಿ ಮಾತ್ರ ಏನೂ ಆಗಿಲ್ಲ. ಆಚರಣೆಯಲ್ಲಿ ಅವನ ಮನೆಯವರಿಗೆ ಬೇರೊಂದು ಜಾಗವಿದೆ. ಭಾದ್ರಪದದಲ್ಲಿ ಜೋಕುಮಾರನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು, ಮನೆಮನೆಗೆ ಹಾಡುತ್ತ ಬರುವವರು ಬಹುಕಡೆ ಅಂಬಿಗರ ಹೆಣ್ಣುಮಕ್ಕಳೇ. ಮಳೆಯನ್ನು ಕರೆಯುವ ದೇವರು ಹೆಣ್ಣಿನ ತಲೆಯ ಮೇಲಿನ ಬುಟ್ಟಿಯಲ್ಲಿ, ಆ ಮಳೆ ತಂದ ನೀರನ್ನು ದಾಟುವ ಜನ ಗಂಡಿನ ಕೈಯ ಬುಟ್ಟಿಯಲ್ಲಿ. ಈ ಸಂಬಂಧವನ್ನು ಕುರಿತು ಪ್ರತ್ಯೇಕ ಅಧ್ಯಯನ ನಡೆಯುವುದು ಅಗತ್ಯ.

972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡ. ಮರುವರ್ಷ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದ. ಸಂಜಾನದ ತೀರ ಶಿಲಾಹಾರರ ವಶವಾಯಿತು. ಚಿಂಚಣಿಯ ಪಟಗಳಲ್ಲಿಯೇ ಇನ್ನೊಂದು ಶಕ 956ರದು, ಕ್ರಿ.ಶ. 1034ರದು. ಅದರಲ್ಲಿ ಶಿಲಾಹಾರರ ಅಧೀನನಾದ ಚಾಮುಂಡರಾಜನು ಮಠಿಕೆಗೆ ಒಂದು ಎಣ್ಣೆಗಾಣವನ್ನು ಬಿಟ್ಟುಕೊಡುವಾಗ ಊರ ಪ್ರಮುಖರಲ್ಲಿ ಅಲ್ಲಿಯ, ಮಹಾರ, ಮಧುಮತ ಎಂಬ ಹೆಸರುಗಳು ಬರುತ್ತವೆ. ಇವುಗಳಲ್ಲಿ ಅಲಿ, ಮುಹಮ್ಮದ್ ಮೊದಲಾದ ಹೆಸರುಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಮಾನ್ಯಖೇಟ ಬಿದ್ದು ಅರುವತ್ತು ವರ್ಷಗಳ ಮೇಲೂ ಆ ಮಠಿಕೆ ನಡೆಯುತ್ತಿತ್ತು, ಆ ಜನ ಅಲ್ಲಿಯೇ ಇದ್ದರು.

ಮಳಖೇಡದ ಸೀಮೆಗೂ ಪಶ್ಚಿಮದ ಕಡಲಿಗೂ ಮತ್ತೆ ನೇರ ದಾರಿ ಬಿದ್ದದ್ದು ರೈಲಿನಿಂದ. ಮುಂಬಯಿಯಿಂದ ಹೊರಟ ಹಳಿ 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ತೆರೆಯಿತು. ಅದು ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳನ್ನು ಹಾದುಹೋಗುತ್ತದೆ. ಸೇತುವೆಗಳು ಬಂದಂತೆ ಹರಿಗೋಲಿನ ಕೆಲಸ ಕರಗಿತು; ಕಣದ ಪಾಲೂ ನಿಂತಿತು. ಮಳೆ ಜೋರಾದ ವರ್ಷಗಳಲ್ಲಿ ದಂಡೋತಿಯ ಸೇತುವೆಯ ಮೇಲೆ ಕಾಗಿಣಾ ಹರಿಯುತ್ತದೆ, ಸಂಚಾರ ನಿಲ್ಲುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಮತ್ತು ಕಾಗಿಣಾ ಒಟ್ಟಿಗೆ ಉಕ್ಕಿದಾಗ ಜಿಲ್ಲೆಯ ಹಳ್ಳಿಗಳಿಂದ ಜನರನ್ನು ಹೊರತರಲು ವಿಪತ್ತು ಪರಿಹಾರ ಪಡೆಯ ದೋಣಿಗಳು ಬಂದವು. ಭೀಮಾ ತೀರದಲ್ಲಿ ಮೀನು ಹಿಡಿಯುವವರ ಹರಿಗೋಲುಗಳು ಇಂದಿಗೂ ಉಳಿದಿವೆ. ತೊಗಲಿನ ಬದಲು ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲದ ಹೊದಿಕೆ. ಬಿದಿರ ಹೆಣಿಗೆ ಮಾತ್ರ ಹಳೆಯದೇ.